ದಲ್ಲಾ ಚೌಕದಲ್ಲಿ ಬಟ್ಟಲು ತುಂಬಿಸಿ ಕೆಟ್ಟದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ಶಿಲ್ಪಿಯಲ್ಲ. ಯಾರಾದರೂ ಹಾಗೆ ಕರೆದರೆ ಈಗಲೂ ಹಿಂದೆ ತಿರುಗಿ ನೋಡುತ್ತೇನೆ, ಬೇರೆ ಯಾರನ್ನೋ ಕರೆದಿರಬೇಕು ಎಂದು. ನಾನು ಅಚ್ಚು ಮಾಡುವವನು. ಫೈಬರ್ ಗ್ಲಾಸಿನಲ್ಲಿ ನೀರಿನ ಟ್ಯಾಂಕಿಯಾಗಲಿ, ಅಂಗಡಿಯ ಮುಂದಿನ ಒಂಟೆಯಾಗಲಿ, ಏನೇ ಮಾಡಬೇಕಾದರೂ ಮೊದಲು ಅದಕ್ಕೊಂದು ಅಚ್ಚು ಬೇಕು. ಆ ಅಚ್ಚಿನೊಳಗೆ ಗಾಜಿನ ನಾರಿನ ಚಾಪೆ ಹಾಸಿ, ಮೇಲೆ ರೆಸಿನ್ ಎಂಬ ಅಂಟು ಬಳಿದು, ಗಟ್ಟಿಯಾದ ಮೇಲೆ ಕಳಚಿ ತೆಗೆಯುವುದು. ಇಷ್ಟೇ ಕೆಲಸ. ಕೇಳಲಿಕ್ಕೆ ಸುಲಭ! ದುಬೈಯ ರಾಸ್ ಅಲ್ ಖೋರಿನ ಶೆಡ್ಡಿನಲ್ಲಿ ನಿಂತು ಜುಲೈ ತಿಂಗಳಲ್ಲಿ ಮಾಡಿ ನೋಡಿ, ಆಮೇಲೆ ಮಾತಾಡುವ.

ಕಾರ್ಕಳದ ಕಡೆಯ ಆಚಾರ್ಯರ ಮನೆ ನಮ್ಮದು. ಅಪ್ಪನ ಜೊತೆ ತೊಟ್ಟಿಲು, ಮಂಚ, ಬಾಗಿಲು ಮಾಡಿಕೊಂಡಿದ್ದವನು ಉಳಿಸುತ್ತಿಗೆ ಕಟ್ಟಿಕೊಂಡು ಆ ಶೆಡ್ಡಿಗೆ ಬಂದು ಬಿದ್ದೆ. ಹೇಗೆ ಬಂದೆ, ಫೋರ್‌ಮನ್ ಯಾವಾಗ ಆದೆ, ಅದೆಲ್ಲ ಬೇಡ, ನಿಮಗೆ ನಿದ್ದೆ ಬರುತ್ತದೆ. ಈಗ ಊರಿನಲ್ಲಿ ಕೂತಿರುವ ನನಗೆ ಈ ಕೆಲಸಕ್ಕೆ ಹೊಸದಾಗಿ ಸೇರಿದ ನಮ್ಮ ಕಡೆಯ ಹುಡುಗ ಹುಡುಗಿಯರು ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ: "ಅಂಕಲ್, ಯಾವ ಸಾಫ್ಟ್‌ವೇರ್ ಕಲೀಬೇಕು?" ಅಯ್ಯೋ ಮಕ್ಕಳೇ! ಅದು ನಿಮಗೇ ನನಗಿಂತ ಚೆನ್ನಾಗಿ ಗೊತ್ತು. ನಾನು ಹೇಳಬೇಕಾದದ್ದು ನಾನು ಕೆಟ್ಟ ಕಥೆಗಳನ್ನು.

ಮೊದಲನೆಯದು ಬಕೆಟ್ಟಿನ ಕಥೆ. ರೆಸಿನ್ನಿಗೆ ಒಂದು ಹಾರ್ಡ್ನರ್ ಬೆರೆಸಬೇಕು, ಆಗಲೇ ಅದು ಗಟ್ಟಿಯಾಗುವುದು. ಎಷ್ಟು ಬೆರೆಸಬೇಕು ಎಂದು ಡಬ್ಬದ ಮೇಲೆ ಬರೆದಿತ್ತು. ಬರೆದವನು ಯಾವ ತಂಪಿನ ದೇಶದಲ್ಲಿ ಕೂತು ಬರೆದಿದ್ದನೋ ಪುಣ್ಯಾತ್ಮ! ನಾನು ಅಕ್ಷರಶಃ ಹಾಗೇ ಬೆರೆಸಿದೆ. ಬ್ರಷ್ ಅದ್ದಿ ಎರಡು ಸಲ ಬಳಿಯುವುದರೊಳಗೆ ಬಕೆಟ್ಟಿನಿಂದ ಹೊಗೆ ಎದ್ದಿತು. ಮೂರನೆಯ ಸಲ ಬ್ರಷ್ ಎತ್ತಿದರೆ ಬಕೆಟ್ಟೇ ಎದ್ದು ಬಂತು. ನಮ್ಮ ಮ್ಯಾನೇಜರ್ ಪ್ರಭಾಕರ ಶೆಟ್ಟರು, ಕುಂದಾಪುರದವರು, ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಆಚಾರ್ರೆ, ಮುಟ್ಬೇಡಿ. ಹಾಗೇ ಇರ್ಲಿ. ಮ್ಯೂಸಿಯಮ್ಮಿಗೆ ಕೊಡುವ," ಅಂದರು. ಆ ಬಕೆಟ್ಟು ಬ್ರಷ್ಷಿನ ಸಮೇತ ಅವರ ಮೇಜಿನ ಮೇಲೆ ಎರಡು ವರ್ಷ ಪೇಪರ್ ವೇಟಿನ ಹಾಗೆ ಕೂತಿತ್ತು. ಬಂದವರಿಗೆಲ್ಲ ತೋರಿಸುತ್ತಿದ್ದರು, ನನ್ನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಯೂ ತೋರಿಸುತ್ತಿದ್ದರು.

ಎರಡನೆಯದು ರೊಟ್ಟಿ ಅಂಗಡಿಯ ಬೋರ್ಡು. ಅರಬ್ಬಿಯಲ್ಲಿ 'ಖುಬ್ಜ್', ಅಂದರೆ ರೊಟ್ಟಿ, ಎಂದು ಎದ್ದು ಕಾಣುವ ಅಕ್ಷರ ಬೇಕಿತ್ತು. ಅಚ್ಚಿನಲ್ಲಿ ತಿರುಗಿಸಿ ಕೆತ್ತಿದರೆ ಮಾತ್ರ ಹೊರಗೆ ಸರಿಯಾಗಿ ಬರುತ್ತದೆ. ನನಗೆ ಅರಬ್ಬಿ ಓದಲಿಕ್ಕೆ ಬರದು. ಕೊಟ್ಟ ಕಾಗದ ನೇರ ಇದೆಯೋ ತಿರುಗಿಸಿದ್ದೋ ಎಂದು ಕೇಳಲಿಕ್ಕೆ ಬಿಗುಮಾನ ಬೇರೆ. ಹಾಗೇ ಕೆತ್ತಿದೆ. ಬೋರ್ಡು ಹೊರಬಂದ ಮೇಲೆ ಉಳ್ಳಾಲದ ಯೂಸುಫಾಕ ನೋಡಿದರು. ಅವರು ನಮ್ಮ ಶೆಡ್ಡಿನ ಹಿರಿಯ ಲ್ಯಾಮಿನೇಟರ್, ಅಂದರೆ ಚಾಪೆ ಹಾಸಿ ಅಂಟು ಬಳಿಯುವವರು. ಮದ್ರಸದಲ್ಲಿ ಓದಿದವರಾದ್ದರಿಂದ ಅರಬ್ಬಿ ಗೊತ್ತು. ಎಡಕ್ಕೆ ಬಗ್ಗಿ ನೋಡಿದರು, ಬಲಕ್ಕೆ ಬಗ್ಗಿ ನೋಡಿದರು. "ಒಳ್ಳೆದುಂಟು ಆಚಾರ್ರೆ. ಅಂಗಡಿ ದಾಟಿ ಹೋದವರಿಗೆ ಕಾರಿನ ಕನ್ನಡಿಯಲ್ಲಿ ಸರೀ ಕಾಣ್ತದೆ," ಅಂದರು. ಶೆಡ್ಡಿಗೆ ಶೆಡ್ಡೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವತ್ತಿನಿಂದ ಅರಬ್ಬಿ ಅಕ್ಷರ ಯೂಸುಫಾಕನ ಕಣ್ಣಿಗೆ ಬೀಳದೆ ನನ್ನ ಉಳಿಗೆ ಬೀಳುತ್ತಿರಲಿಲ್ಲ.

ಅಕ್ಷರದಲ್ಲಿ ಹುಷಾರಾದೆ. ಆದರೆ ಅಕ್ಷರವಿಲ್ಲದ ಮಾತೂ ಇರುತ್ತದೆ ಎಂದು ನನಗೆ ಯಾರು ಹೇಳಬೇಕು? ಅದೇ ದಲ್ಲಾದ ಕಥೆ.

ದಲ್ಲಾ ಅಂದರೆ ಅರಬರ ಕಾಫಿ ಕೂಜಾ. ಸೊಂಟ ಸಣ್ಣ, ಹೊಟ್ಟೆ ದಪ್ಪ, ಹಕ್ಕಿಯ ಕೊಕ್ಕಿನ ಹಾಗೆ ಬಾಗಿದ ಮೂತಿ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಹತ್ತಿರ ಒಂದು ಚೌಕವಿತ್ತು. ಅದರ ಸುತ್ತಲಿನ ಕಟ್ಟಡಗಳ ಒಡೆಯರಾದ ಒಂದು ವ್ಯಾಪಾರಿ ಮನೆತನದವರು ಊರಿಗೊಂದು ಉಡುಗೊರೆ ಎಂದು ಅಲ್ಲಿ ಎರಡಂತಸ್ತಿನ ಎತ್ತರದ ದಲ್ಲಾ ನಿಲ್ಲಿಸಬೇಕೆಂದು ಹೊರಟರು. ಅದು ತೊಂಬತ್ತರ ದಶಕದ ನಡುವಿನ ಮಾತು. ಆ ದಲ್ಲಾ ಈಗ ಇಲ್ಲ, ಹುಡುಕಬೇಡಿ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ ಚೌಕದ ಸರ್ಕಲ್ ತೆಗೆದು ಸಿಗ್ನಲ್ ಹಾಕಿದರು. ಇಳಿಸಿದವನೂ ನಾನೇ. ನಿಲ್ಲಿಸಲಿಕ್ಕೆ ಏಳು ತಿಂಗಳು, ಇಳಿಸಲಿಕ್ಕೆ ಒಂದು ಬೆಳಗ್ಗೆ. ಆದರೆ ಸಿಗ್ನಲ್ ಬಂದ ಮೇಲೂ ಟ್ಯಾಕ್ಸಿಯವರು ಆ ಜಾಗಕ್ಕೆ ಬಹಳ ಕಾಲ ದಲ್ಲಾ ಎಂದೇ ಹೇಳುತ್ತಿದ್ದರು. ನನಗೆ ಅದೇ ಸಾಕು.

ಕೆಲಸ ನಮಗೆ ಬಂದ ದಿನ ನಾನು ಶೆಟ್ಟರ ಮೇಜಿನ ಮುಂದೆ ನಿಂತು, ಜೀವನದಲ್ಲಿ ಮೊದಲ ಸಲ, ಬಾಯಿ ಬಿಟ್ಟು ಕೇಳಿದೆ: "ಶೆಟ್ರೆ, ಇದರ ಚಿತ್ರ ನಾನು ಬರೀತೇನೆ." ಅಷ್ಟರವರೆಗೆ ನಾನು ಮಾಡಿದ್ದೆಲ್ಲ ಬೇರೆಯವರ ಚಿತ್ರ ನೋಡಿ. ಟ್ಯಾಂಕಿ, ಬಾಗಿಲು, ದೋಣಿಯ ಹೊಟ್ಟೆ. ಒಂದಾದರೂ ನನ್ನ ತಲೆಯಿಂದ ಹುಟ್ಟಿದ್ದು ಬಿಸಿಲಲ್ಲಿ ನಿಲ್ಲಬೇಕು ಎಂಬ ಆಸೆ ಎಷ್ಟು ವರ್ಷದಿಂದ ಒಳಗೆ ಕುದಿಯುತ್ತಿತ್ತೋ! ಶೆಟ್ಟರು ಬಕೆಟ್ಟನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. "ಬರೀರಿ. ಆದ್ರೆ ಆಚಾರ್ರೆ, ನನ್ನ ಮರ್ಯಾದೆ ನಿಮ್ಮ ಕೈಯಲ್ಲುಂಟು," ಅಂದರು.

ಕಾಫಿಯ ವಿಷಯ ನನಗೆ ಗೊತ್ತು ಎಂದೇ ನನ್ನ ಲೆಕ್ಕಾಚಾರ. ಬಂದ ಮೊದಲ ವರ್ಷ ಒಬ್ಬ ಗಿರಾಕಿಯ ಮನೆಯ ಮಜ್ಲಿಸಿಗೆ, ಅಂದರೆ ಅತಿಥಿಗಳು ಕೂರುವ ಕೋಣೆಗೆ, ಯೂಸುಫಾಕನ ಜೊತೆ ಹೋಗಿದ್ದೆ. ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಕಾಫಿ ಕೊಟ್ಟರು. ಕುಡಿದೆ, ಮತ್ತೆ ಹಾಕಿದರು. ಕುಡಿದೆ, ಮತ್ತೆ ಹಾಕಿದರು. ಬೇಡ ಅನ್ನಲಿಕ್ಕೆ ಸಂಕೋಚ. ಹನ್ನೊಂದನೆಯ ಬಟ್ಟಲಿಗೆ ಯೂಸುಫಾಕ ನನ್ನ ತೊಡೆ ಚಿವುಟಿ, "ಬಟ್ಟಲು ಅಲ್ಲಾಡಿಸಿ ಮಾರಾಯ್ರೆ, ಇಲ್ಲದಿದ್ರೆ ನಾಳೆವರೆಗೂ ಹಾಕ್ತಾರೆ!" ಅಂದರು. ಅಲ್ಲಾಡಿಸಿದೆ, ಬದುಕಿದೆ. ಆದರೆ ಹೊರಗೆ ಬಂದವನು ಆಡಿಕೊಂಡದ್ದು ಏನು ಗೊತ್ತೇ? "ಎಂತ ಜಿಪುಣ ಪಿಟ್ಟಾಸಿಗಳು ಯೂಸುಫಾಕ! ಇಷ್ಟು ದೊಡ್ಡ ಮನೆ, ಬಟ್ಟಲಿನ ತಳ ಒದ್ದೆ ಆಗುವಷ್ಟು ಕಾಫಿ. ನಮ್ಮಲ್ಲಿ ಬಡವನಾದ್ರೂ ಲೋಟ ತುಂಬ ಕೊಡ್ತಾನೆ." ಯೂಸುಫಾಕ ಆಗ ನಕ್ಕರು, ಅಷ್ಟೇ.

ಆದ್ದರಿಂದ ನನ್ನ ಚಿತ್ರದಲ್ಲಿ ಪಿಟ್ಟಾಸಿತನ ಇರಕೂಡದು! ದಲ್ಲಾದ ಕೊಕ್ಕಿನಿಂದ ನೀರು ಧೋ ಎಂದು ಸುರಿಯಬೇಕು. ಕೆಳಗಿನ ಬಟ್ಟಲು, ನಾಲ್ಕು ಜನ ಕೂರುವಷ್ಟು ಅಗಲದ್ದು, ತುಂಬಬೇಕು. ತುಂಬಿ ಸುತ್ತಲೂ ತುಳುಕಿ ಕೊಳಕ್ಕೆ ಬೀಳಬೇಕು. ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ಮನೆಯವರು ನಾವು, ಉಕ್ಕದಿದ್ದರೆ ಅದೆಂತಹ ಸ್ವಾಗತ? ಪೀಠದ ಮೇಲೆ ಹಿತ್ತಾಳೆಯ ದೊಡ್ಡ ಅಕ್ಷರಗಳಲ್ಲಿ 'ಅಹ್ಲನ್ ವ ಸಹ್ಲನ್', ಸುಸ್ವಾಗತ ಎಂದು. ಮನೆತನದ ಎಂಜಿನಿಯರು ಲೆಬನಾನಿನವರು. ಕಬ್ಬಿಣದ ಲೆಕ್ಕ, ಗಾಳಿಯ ಲೆಕ್ಕ ನೋಡಿ ಸಹಿ ಹಾಕಿದರು. ನೀರಿನ ಮಟ್ಟದ ಬಗ್ಗೆ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಆ ತಿಂಗಳುಗಳನ್ನು ನೆನೆದರೆ ಈಗಲೂ ಮೈಯಲ್ಲಿ ಏನೋ ಹರಿಯುತ್ತದೆ. ಆಗ ಈಗಿನ ಹಾಗೆ ಕಂಪ್ಯೂಟರಿಗೆ ಚಿತ್ರ ತಿನ್ನಿಸಿದರೆ ಯಂತ್ರ ಥರ್ಮೋಕೋಲ್ ಕೊರೆದು ಕೊಡುವ ಕಾಲವಲ್ಲ. ಮರದ ಪಕ್ಕೆಲುಬು ಕಟ್ಟಿ, ಮೇಲೆ ಕೋಳಿಬಲೆ ಬಿಗಿದು, ಪ್ಲಾಸ್ಟರ್ ಮೆತ್ತಿ, ಅಂಗೈ ಸವರಿ ಸವರಿ ಹೊಟ್ಟೆಯ ಗುಂಡು ತರುವುದು. ಕಣ್ಣು ಮೋಸ ಮಾಡುತ್ತದೆ, ಅಂಗೈ ಮಾಡುವುದಿಲ್ಲ. ಮಕ್ಕಳೇ, ಯಂತ್ರ ಎಷ್ಟೇ ಚೆನ್ನಾಗಿ ಕೊರೆಯಲಿ, ಒಮ್ಮೆ ಕಣ್ಣು ಮುಚ್ಚಿ ಅಂಗೈ ಆಡಿಸಿ ನೋಡಿ. ಉಬ್ಬುತಗ್ಗು ಅಲ್ಲೇ ಸಿಕ್ಕಿಬೀಳುತ್ತದೆ. ಕೊನೆಗೆ ಎಲ್ಲ ಭಾಗ ಜೋಡಿಸಿ ಶೆಡ್ಡಿನ ಅಂಗಳದಲ್ಲೇ ನೀರು ಬಿಟ್ಟು ನೋಡಿದೆವು. ಬಟ್ಟಲು ತುಂಬಿತು, ತುಳುಕಿತು, ಅಂಗಳವೆಲ್ಲ ನೀರು. ಪಕ್ಕದ ಗ್ಯಾರೇಜಿನ ಪಠಾಣರು ಬಂದು ಚಪ್ಪಾಳೆ ಹೊಡೆದರು. ಶೆಟ್ಟರು ತೆಂಗಿನಕಾಯಿ ಒಡೆದರು. ಅವರಿಗೆ ಸಂತೋಷವಾದರೆ ತುಳು ಬರುತ್ತದೆ, ಹೆದರಿಕೆಯಾದರೆ ಇಂಗ್ಲಿಷ್. ಆವತ್ತು ಅವರು ಬರೀ ತುಳು.

ಸೋಮವಾರ ಅಬುಧಾಬಿಯ ಚೌಕದಲ್ಲಿ ದಲ್ಲಾ ನಿಂತಿತು. ಗುರುವಾರ ಸಂಜೆ ಪರದೆ ಎಳೆಯುವ ಕಾರ್ಯಕ್ರಮ. ಆಗ ಶುಕ್ರವಾರ ವಾರದ ರಜೆ. ಸುತ್ತ ಬಿಳಿ ಬಟ್ಟೆಯ ಮರೆ ಕಟ್ಟಿ ಬೆಳಗ್ಗೆ ಹತ್ತು ಗಂಟೆಗೆ ನೀರು ಬಿಟ್ಟೆವು. ನಾನು ಪಂಪಿನ ಬಳಿ ನಿಂತು ಮೇಲೆ ನೋಡಿದೆ. ಕೊಕ್ಕಿನಿಂದ ನೀರು ಹೊಳೆಯುತ್ತ ಇಳಿಯಿತು, ಬಟ್ಟಲು ತುಂಬಿತು, ಸುತ್ತಲೂ ಒಂದೇ ಸಮ ತುಳುಕಿತು. ಒಂದು ಹನಿ ಆಚೀಚೆ ಇಲ್ಲ! ಎದೆ ಉಬ್ಬಿ ಅಂಗಿಯ ಗುಂಡಿ ಕೀಳುವುದೊಂದು ಬಾಕಿ.

ಮನೆತನದವರ ಕಡೆಯಿಂದ ನೋಡಲಿಕ್ಕೆ ಬಂದಿದ್ದವನು ಒಬ್ಬನೇ ಒಬ್ಬ ಮುದುಕ. ಹೆಸರು ಅಬು ಖಲ್ಫಾನ್. ಅವರ ಮಜ್ಲಿಸಿನಲ್ಲಿ ನಲವತ್ತು ವರ್ಷದಿಂದ ಕಾಫಿ ಮಾಡಿ ಬಡಿಸುವವನು. ಹುಡುಗನಾಗಿದ್ದಾಗ ಹಾಯಿ ಹಡಗಿನಲ್ಲಿ ಬೊಂಬಾಯಿ, ಮಂಗಳೂರು ಎಲ್ಲ ಸುತ್ತಿದವನಾದ್ದರಿಂದ ಹರಕುಮುರುಕು ಹಿಂದಿ ಬರುತ್ತಿತ್ತು. ಕೋಲೂರಿಕೊಂಡು ಬಂದ, ಕತ್ತೆತ್ತಿ ನೋಡಿದ. ನಾನು ಹೊಗಳಿಕೆ ಕಾಯುತ್ತಾ ನಿಂತೆ. ಅವನ ಮುಖ ಒಮ್ಮೆಗೇ ಕೆಂಪಾಯಿತು.

"ಯೇ ಕಿಸ್ನೆ ಬನಾಯಾ?" ಯಾರು ಮಾಡಿದ್ದು ಇದು ಎಂದ.

"ನಾನೇ," ಅಂದೆ, ಹಲ್ಲು ಕಿಸಿದುಕೊಂಡು.

"ಮೆಹಮಾನ್ ಕೋ ಭಗಾತಾ ಹೈ ತೂ? ಬಂದ ಅತಿಥಿಯನ್ನು ಎದ್ದು ಹೋಗು ಅಂತೀಯಾ?" ಕೋಲು ನೆಲಕ್ಕೆ ಕುಟ್ಟಿದ. "ಕೆಳಗೆ ಬಾ ಬಾ ಎಂದು ಬರೆದಿದ್ದೀಯ. ಮೇಲೆ ಹೋಗು ಹೋಗು ಅನ್ನುತ್ತಿದೆ! ಮಾಫಿ ಮುಖ್!" ತಲೆಯಲ್ಲಿ ಏನೂ ಇಲ್ಲ ಎಂದು ತನ್ನ ತಲೆ ಮುಟ್ಟಿ ತೋರಿಸಿದ.

ಯೂಸುಫಾಕ ಅವನನ್ನು ನೆರಳಿಗೆ ಕರೆದುಕೊಂಡು ಹೋಗಿ ಕೂರಿಸಿ, ಅರಬ್ಬಿಯಲ್ಲಿ ಮಾತಾಡಿಸಿ, ಬಂದು ನನಗೆ ಹೇಳಿದರು. ಅವರ ಕ್ರಮದಲ್ಲಿ ಬಟ್ಟಲಿಗೆ ಮೂರರಲ್ಲಿ ಒಂದು ಪಾಲು ಮಾತ್ರ ಕಾಫಿ ಹಾಕುವುದು. ಸ್ವಲ್ಪ ಹಾಕಿದರೆ ಅರ್ಥ, ನಿಧಾನ ಕೂತಿರು, ಮತ್ತೆ ಮತ್ತೆ ಹಾಕುತ್ತೇನೆ, ನಿನ್ನ ಪಕ್ಕದಲ್ಲೇ ನಿಂತಿದ್ದೇನೆ ಎಂದು. ತುಂಬ ಹಾಕಿ ಕೊಟ್ಟರೆ ಅರ್ಥ, ಇದನ್ನು ಕುಡಿ, ಎದ್ದು ನಡೆ ಎಂದು.

ಅಯ್ಯಯ್ಯೋ! ನಾನು ಪಿಟ್ಟಾಸಿ ಎಂದು ಆಡಿಕೊಂಡದ್ದು ಮರ್ಯಾದೆ, ನಾನು ಮರ್ಯಾದೆ ಎಂದು ಕಟ್ಟಿ ನಿಲ್ಲಿಸಿದ್ದು ಅವಮಾನ. ಅದೂ ಎರಡಂತಸ್ತಿನ ಎತ್ತರದ ಅವಮಾನ, ಪಂಪು ಹಾಕಿ ದಿನವಿಡೀ ಹರಿಯುವ ಅವಮಾನ!

"ಯೂಸುಫಾಕ, ನಿಮಗೆ ಗೊತ್ತಿತ್ತಲ್ಲ?" ಅಂದೆ. ಅಳುವುದೊಂದು ಬಾಕಿ.

"ಮನುಷ್ಯರ ಬಟ್ಟಲಿನ ಕ್ರಮ ಗೊತ್ತಿತ್ತು ಆಚಾರ್ರೆ. ಇದು ಕಾರಂಜಿ ಅಂತ ನಾನು ತಿಳ್ಕೊಂಡದ್ದು. ಕಾರಂಜಿಯೂ ಮಾತಾಡ್ತದೆ ಅಂತ ನನಗೆಂತ ಗೊತ್ತು?" ಅವರ ಮುಖವೂ ಸಣ್ಣಗಾಗಿತ್ತು.

ಅಬು ಖಲ್ಫಾನ್ ಹೋಗಿ ಮನೆತನದ ಹಿರಿಯರಿಗೆ ಹೇಳಿದ. ಮಧ್ಯಾಹ್ನ ಶೆಟ್ಟರಿಗೆ ಫೋನು ಬಂತು. ಶೆಟ್ಟರು ದುಬೈಯಿಂದ ಓಡಿ ಬಂದರು. ಕಾರಿನಿಂದ ಇಳಿಯುವಾಗಲೇ ಇಂಗ್ಲಿಷ್: "ಆಚಾರ್ಯ, ವಾಟ್ ಹ್ಯಾವ್ ಯು ಡನ್?" ನನ್ನನ್ನು ಅವರು ರೆ ಹಚ್ಚದೆ ಕರೆದದ್ದು ಅದೊಂದೇ ಸಲ. ವಿಷಯ ಇಷ್ಟು: ಗುರುವಾರ ಮಧ್ಯಾಹ್ನದೊಳಗೆ ಬಟ್ಟಲು ಸರಿಯಾಗದಿದ್ದರೆ ಪರದೆ ಎಳೆಯುವುದಿಲ್ಲ. ಶನಿವಾರ ಕ್ರೇನ್ ತರಿಸಿ ಇಡೀ ದಲ್ಲಾ ಇಳಿಸಿ ಕಳಿಸುತ್ತಾರೆ. ಸರಿಯಾಯಿತೋ ಇಲ್ಲವೋ ಹೇಳುವವನು ಅಬು ಖಲ್ಫಾನ್. ಹಿರಿಯರ ಮಾತು ಅಷ್ಟೇ, ಒಂದು ಬೈಗುಳವಿಲ್ಲ. ಅದೇ ಹೆಚ್ಚು ಹೆದರಿಕೆ. ನನ್ನ ತಲೆಯಿಂದ ಹುಟ್ಟಿದ ಒಂದೇ ಒಂದು ವಸ್ತು, ಜನ ನೋಡುವ ಮೊದಲೇ ಲಾರಿ ಹತ್ತುವುದೆಂದರೆ? ನಾನು ಟ್ಯಾಂಕಿಯ ಅಚ್ಚಿಗೇ ವಾಪಸ್ಸು. ಬಹುಶಃ ವೀಸಾ ಕ್ಯಾನ್ಸಲ್ ಆಗಿ ಊರಿಗೇ ವಾಪಸ್ಸು.

ಇಲ್ಲಿ ಒಂದು ಮಾತು ಕೇಳಿ. ತಪ್ಪಾದಾಗ ಮೊದಲ ಅರ್ಧ ಗಂಟೆ ಯಾರ ತಪ್ಪು ಎಂದು ಹುಡುಕುವ ಆಫೀಸುಗಳೇ ಹೆಚ್ಚು. ಶೆಟ್ಟರು ನಮಗೆ ಹುಡುಕಲಿಕ್ಕೆ ಬಿಡಲಿಲ್ಲ. ಒಂದು ಲೋಟ ನೀರು ಕುಡಿದು, ಟೈ ಸಡಿಲಿಸಿ, "ಸರಿ. ಎಂತ ಮಾಡುವ ಹೇಳಿ ಆಚಾರ್ರೆ," ಅಂದರು. ರೆ ವಾಪಸ್ಸು ಬಂದಿತ್ತು. ನನಗೆ ಅರ್ಧ ಜೀವ ಬಂತು.

ಮೊದಲ ಉಪಾಯ ಸುಲಭದ್ದು. ಬಟ್ಟಲಿನ ನಡುವೆ ನಿಂತ ಒಂದು ಪೈಪು ನೀರಿನ ಮಟ್ಟ ಹಿಡಿಯುತ್ತದೆ. ಅದನ್ನು ಗಿಡ್ಡ ಮಾಡಿದರೆ ನೀರು ಮೂರರಲ್ಲಿ ಒಂದು ಪಾಲಿಗೆ ನಿಲ್ಲುತ್ತದೆ, ಹೆಚ್ಚಿನದು ಪೈಪಿನೊಳಗೆ ಇಳಿದು ಹೋಗುತ್ತದೆ. ಗರಗಸ ತೆಗೆದು ಕತ್ತರಿಸಿದೆ. ನೀರು ಬಿಟ್ಟೆವು. ಬಟ್ಟಲಿನ ಬಾಯಿ ನಮ್ಮ ಕಣ್ಣಿನ ಮಟ್ಟಕ್ಕೆ. ರಸ್ತೆಯಿಂದ ನೋಡುವವರಿಗೆ ಒಳಗೆ ನೀರುಂಟೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಅಬು ಖಲ್ಫಾನ್ ಕುರ್ಚಿ ಹಾಕಿಸಿಕೊಂಡು ಕೂತಿದ್ದ. "ಖಾಲಿ ಬಟ್ಟಲು ಕೊಡ್ತೀಯಾ ಈಗ?" ಎಂದ. ಅಲ್ಲಿಗೆ ಸೋಮವಾರ ಮುಗಿಯಿತು.

ಮಂಗಳವಾರ ಬೆಳಗ್ಗೆ ನಾನು ಅವನ ಹತ್ತಿರ ಹೋಗಿ ನೆಲದಲ್ಲಿ ಕೂತೆ. ಬಿಗುಮಾನ ಎಲ್ಲ ಸೋಮವಾರವೇ ನೀರಿನಲ್ಲಿ ಹೋಗಿತ್ತು. "ಬಾಬಾ, ನನಗೆ ಗೊತ್ತಿಲ್ಲ. ನೀವು ಬಡಿಸಿ ತೋರಿಸಿ, ನಾನು ನೋಡುತ್ತೇನೆ," ಅಂದೆ. ಅವನು ಕೋಲು ಪಕ್ಕಕ್ಕಿಟ್ಟ. ಆಮೇಲೆ ತನ್ನ ಫ್ಲಾಸ್ಕು, ಜೇಬಿನ ಪುಟ್ಟ ಬಟ್ಟಲು ತೆಗೆದ. ಎಡಗೈಯಲ್ಲಿ ಫ್ಲಾಸ್ಕು, ಬಲಗೈಯಲ್ಲಿ ಬಟ್ಟಲು. ಸಣ್ಣ ಧಾರೆ, ಎತ್ತರದಿಂದ. ಹಾಕಿ ನನ್ನ ಕಡೆ ಚಾಚಿದ. ಚಾಚುವಾಗ, ಅಲ್ಲೇ, ಅಲ್ಲೇ ನನಗೆ ಕಂಡದ್ದು! ಬಟ್ಟಲು ನನ್ನ ಕಡೆಗೆ ಒಂದಿಷ್ಟು ವಾಲಿತ್ತು. ಒಳಗಿನ ಕಾಫಿ ನನಗೆ ಕಾಣುತ್ತಿತ್ತು. ಇಟ್ಟ ಬಟ್ಟಲು ನೇರ ಇರುತ್ತದೆ, ಕೊಡುವ ಬಟ್ಟಲು ವಾಲುತ್ತದೆ!

ಬಟ್ಟಲು ತೆಗೆದುಕೊಳ್ಳುವುದನ್ನೂ ಮರೆತು "ಯೂಸುಫಾಕ! ಗ್ರೈಂಡರ್ ತನ್ನಿ!" ಎಂದು ಕೂಗುತ್ತ ಓಡಿದೆ. ಹಿಂದಿನಿಂದ ಮುದುಕ ಗದರುವುದು ಕೇಳಿಸಿತು. ಚಾಚಿದ ಕಾಫಿ ಬಿಟ್ಟು ಓಡುವವನನ್ನು ಅವನು ಆಯುಷ್ಯದಲ್ಲಿ ಕಂಡಿರಲಿಕ್ಕಿಲ್ಲ.

ಬಟ್ಟಲನ್ನು ಪೀಠದಿಂದ ಕತ್ತರಿಸಿ, ರಸ್ತೆಯ ಕಡೆಗೆ ವಾಲುವ ಹಾಗೆ ಅಡಿಯಲ್ಲಿ ಮರದ ಬೆಣೆ ಕೊಟ್ಟು, ಮತ್ತೆ ಕೂಡಿಸಬೇಕು. ಎಷ್ಟು ವಾಲಿಸಬೇಕು? ಹೆಚ್ಚಾದರೆ ಬಿದ್ದು ಹೋಗುವ ಬಟ್ಟಲಿನ ಹಾಗೆ ಕಾಣುತ್ತದೆ, ಕಡಿಮೆಯಾದರೆ ನೀರು ಕಾಣುವುದಿಲ್ಲ. ಶೆಟ್ಟರು ಆ ಕಡೆಯ ಮರೆ ಸರಿಸಿ, ರಸ್ತೆಯಾಚೆ ನಿಂತು ಕರವಸ್ತ್ರ ಬೀಸುವುದು, ಸಾಲದು, ಸಾಲದು, ಇನ್ನೊಂದು ಚೂರು ಎಂದು. ಸೂಟು ಹಾಕಿದ ಮನುಷ್ಯ ಬಿಸಿಲಲ್ಲಿ ಬಗ್ಗಿ, ಎದ್ದು, ಕಾರಿನಲ್ಲಿ ಕೂತವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಮೊಣಕಾಲೂರಿ ನೋಡುವುದನ್ನು ಕಂಡು ಹೋಗುವವರೆಲ್ಲ ನಿಂತರು. ಮಂಗಳವಾರ ಬಿಸಿಲು ಇಳಿದ ಮೇಲೆ, ಬುಧವಾರ ಬಿಸಿಲು ಏರುವ ಮೊದಲು, ಎರಡು ಹೊತ್ತು ಚಾಪೆ ಹಾಸಿದೆವು. ಹಾರ್ಡ್ನರ್ ಬೆರೆಸುವಾಗ ನಾನು ಡಬ್ಬದ ಮೇಲಿನ ಬರಹ ನೋಡಲೇ ಇಲ್ಲ, ಗಾಳಿಗೆ ಕೈ ಒಡ್ಡಿ ನೋಡಿ ಬೆರೆಸಿದೆ. ಯೂಸುಫಾಕ ಒಂದರ ಮೇಲೊಂದು ಪದರ ಹಾಸಿ ರೋಲರ್ ಉರುಳಿಸುತ್ತ, ಒಂದು ಗಾಳಿಗುಳ್ಳೆ ಉಳಿಯದ ಹಾಗೆ ಒತ್ತಿದರು. ಬುಧವಾರ ಮಧ್ಯಾಹ್ನ ಬಟ್ಟಲು ವಾಲಿ ನಿಂತಿತು. ರಸ್ತೆಯಿಂದ ನೋಡಿದರೆ ಒಳಗೆ ಮೂರರಲ್ಲಿ ಒಂದು ಪಾಲು ನೀರು ಪಳಪಳ! ಶೆಟ್ಟರು ರಸ್ತೆಯಾಚೆಯಿಂದಲೇ ತುಳುವಿನಲ್ಲಿ ಬೊಬ್ಬೆ ಹಾಕಿದರು.

ಬೊಬ್ಬೆ ಮುಗಿಯುವುದರೊಳಗೆ ಗಾಳಿ ಬಂತು. ಧಾರೆ ಸಣ್ಣದು ಮಾಡಿದ್ದೆವಲ್ಲ, ಕಾಫಿ ಹಾಕುವ ಹಾಗೆ? ಮರುಭೂಮಿಯ ಕಡೆಯಿಂದ ಬೀಸಿದ ಗಾಳಿಗೆ ಧಾರೆ ಹಗ್ಗದ ಹಾಗೆ ಬಳುಕಿ, ಬಟ್ಟಲಿಗೆ ಒಂದು ಹನಿಯೂ ಬೀಳದೆ ಪೂರ್ತಿ ಶೆಟ್ಟರ ಕಾರಿನ ಮೇಲೆ ಬಿತ್ತು. ಧಾರೆ ದಪ್ಪ ಮಾಡಿದರೆ ಬಟ್ಟಲಿನ ನೀರು ಚಿಮ್ಮಿ ಹೊರಗೆ ಬರುತ್ತದೆ. ಸಣ್ಣ ಮಾಡಿದರೆ ಗಾಳಿಯ ಪಾಲು. ಇನ್ನು ಉಳಿದದ್ದು ಒಂದು ದಿನವೂ ಅಲ್ಲ. ಖಲಾಸ್, ಎಲ್ಲ ಮುಗಿಯಿತು, ಅಂದೆ. ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೆ ದಲ್ಲಾದ ಮೇಲೆಯೇ ಸಿಟ್ಟು ಬಂತು.

ಯೂಸುಫಾಕ ತಮ್ಮ ಚೀಲ ಹುಡುಕುತ್ತಿದ್ದರು. ಶುಕ್ರವಾರ ನಮಾಜು ಮುಗಿದ ಮೇಲೆ ಸಮುದ್ರದ ಖಾಡಿಯ ದಂಡೆಯಲ್ಲಿ ಗಾಳ ಹಾಕುವುದು ಅವರ ಚಟ. ಗಾಳದ ನೈಲಾನ್ ದಾರದ ಉಂಡೆ ತೆಗೆದರು.

"ಆಚಾರ್ರೆ, ಮಳೆಯಲ್ಲಿ ಬಟ್ಟೆ ಒಣಗಿಸುವ ದಾರ ನೋಡಿದ್ದೀರಾ? ನೀರು ದಾರ ಹಿಡ್ಕೊಂಡೇ ಹೋಗ್ತದೆ, ಬಿಡುದಿಲ್ಲ."

"ಅದಕ್ಕೆ?"

"ಅದಕ್ಕೆ ಅಂತ ಕೇಳ್ತೀರಲ್ಲ! ಏಣಿ ಹಿಡೀರಿ."

ಐವತ್ತು ದಾಟಿದ ಮನುಷ್ಯ ಲುಂಗಿ ಮೇಲೆ ಕಟ್ಟಿ ಏಣಿ ಹತ್ತಿದರು. ಕೊಕ್ಕಿನ ಒಳಗಿನಿಂದ ಬಟ್ಟಲಿನ ತಳದವರೆಗೆ ಏಳೆಂಟು ಎಳೆ ದಾರ ಬಿಗಿದು ಕಟ್ಟಿದರು. ಬಣ್ಣವಿಲ್ಲದ ದಾರ, ಎರಡು ಮಾರು ದೂರದಿಂದಲೇ ಕಾಣುವುದಿಲ್ಲ. ನೀರು ಬಿಟ್ಟೆ. ನೀರು ದಾರ ಹಿಡಿದು ಸದ್ದಿಲ್ಲದೆ ಇಳಿಯಿತು. ಗಾಳಿ ಬೀಸಿತು. ಧಾರೆ ನಡುಗಿತು, ಬಳುಕಲಿಲ್ಲ. ಮತ್ತೆ ಬೀಸಿತು. ಬಟ್ಟಲಿಗೇ ಬಿತ್ತು! ನಾನು ಏಣಿಯ ಮೇಲಿದ್ದ ಯೂಸುಫಾಕನ ಕಾಲು ಹಿಡಿದುಕೊಂಡು ಕುಣಿದೆ. "ಬಿಡಿ ಮಾರಾಯ್ರೆ, ಬೀಳ್ತೇನೆ!" ಎಂದು ಅವರು ಮೇಲಿನಿಂದ ಬೈಯುವುದು, ನಾನು ಕೆಳಗಿನಿಂದ ಕೂಗುವುದು. ಈಗಿನವರು ಇದಕ್ಕೆ ಏನೇನೋ ನಳಿಕೆ, ಪಾರದರ್ಶಕ ಕೊಳವೆ ಹಾಕುತ್ತಾರಂತೆ. ಹಾಕಲಿ. ನಮ್ಮದು ಉಳ್ಳಾಲದ ಗಾಳದ ದಾರ, ಇಳಿಸುವ ದಿನದವರೆಗೂ ನಡೆಯಿತು, ವರ್ಷಕ್ಕೊಮ್ಮೆ ಬದಲಿಸುತ್ತಿದ್ದೆವು.

ಗುರುವಾರ ಮಧ್ಯಾಹ್ನ ಅಬು ಖಲ್ಫಾನ್ ಬಂದ. ಮರೆಯ ಒಳಗೆ ನಿಂತು ನೋಡಲಿಲ್ಲ, ರಸ್ತೆಯಾಚೆ ಹೋಗಿ, ಶೆಟ್ಟರು ನಿಂತಿದ್ದ ಜಾಗದಲ್ಲೇ ನಿಂತು, ಆ ಕಡೆಯ ಬಟ್ಟೆ ಸರಿಸಿ ತೋರಿಸಿ ಎಂದ. ಸರಿಸಿದೆವು. ಅವನು ಧಾರೆ ನೋಡಿದ, ಬಟ್ಟಲು ನೋಡಿದ. ಏನೂ ಹೇಳದೆ ಕೋಲೂರಿಕೊಂಡು ಹೊರಟೇ ಹೋದ! ಶೆಟ್ಟರು ಅವನ ಹಿಂದೆ ಹೋಗಿ "ಸರ್, ಓಕೆ? ನಾಟ್ ಓಕೆ?" ಎಂದು ಕೇಳಿದರೂ ಕೈ ಬೀಸಿದನಷ್ಟೇ. ಆ ಕೈಗೆ ಏನು ಅರ್ಥ ಎಂದು ನಾವು ಮೂವರು ಸಂಜೆಯವರೆಗೆ ವಾದ ಮಾಡಿದೆವು.

ಸಂಜೆ ಜನ ಬಂದರು, ಕುರ್ಚಿ ತುಂಬಿತು. ಮನೆತನದ ಹಿರಿಯರು ಪರದೆಯ ಹಗ್ಗ ಹಿಡಿದಾಗ, ಓಹೋ, ಒಪ್ಪಿದ್ದಾನೆ ಮುದುಕ ಎಂದು ನನಗೆ ಗೊತ್ತಾಯಿತು. ಬಿಳಿ ಬಟ್ಟೆ ಇಳಿಯಿತು. ಸೂರ್ಯ ಎದುರಿಗಿದ್ದ. ಬಟ್ಟಲಿನ ತಳದ ನೀರು ಹೊಂಬಣ್ಣಕ್ಕೆ ತಿರುಗಿ, ನಿಜವಾದ ಕಾಫಿಯೇ ಹಾಕಿ ಚಾಚಿದ ಹಾಗಿತ್ತು. ಕುರ್ಚಿಗಳ ಸಾಲಿನಿಂದ ಮೆಚ್ಚುಗೆಯ ಒಂದು "ಮಾಶಾಅಲ್ಲಾ" ಎದ್ದಿತು. ಹಿರಿಯರು ಚಪ್ಪಾಳೆ ತಟ್ಟಲಿಲ್ಲ, ಬಲಗೈ ಎದೆಯ ಮೇಲಿಟ್ಟುಕೊಂಡರು. ನಾನು ಪಂಪಿನ ಮನೆಯ ಹಿಂದೆ ಹೋಗಿ ಅತ್ತೆ. ನಾಚಿಕೆ ಎಂತದ್ದು, ಅತ್ತೆ.

ದೊಡ್ಡವರೆಲ್ಲ ಎದುರಿನ ಹೋಟೆಲಿಗೆ ಊಟಕ್ಕೆ ಹೋದರು, ಶೆಟ್ಟರನ್ನೂ ಕರೆದುಕೊಂಡು ಹೋದರು. ನಾವು ಶೆಡ್ಡಿನ ಒಂಬತ್ತು ಜನ, ಅಂಟು ಹತ್ತಿದ ನೀಲಿ ಬಟ್ಟೆಯಲ್ಲಿ, ಕೊಳದ ಕಟ್ಟೆಯ ಮೇಲೆ ಸಾಲಾಗಿ ಕೂತೆವು. ಮೂರು ದಿನದಲ್ಲಿ ಸರಿಯಾಗಿ ಕೂತದ್ದು ಅದೇ ಮೊದಲು. ಅಷ್ಟರಲ್ಲಿ ಕಾರ್ಯಕ್ರಮಕ್ಕೆ ಹಾಕಿದ್ದ ಕಾವಲಿನವನು ಬಂದ. "ಯಲ್ಲಾ, ಯಲ್ಲಾ. ನೀವು ಇಲ್ಲಿ ಕೂರಬಾರದು, ನಡೀರಿ." ಎದ್ದೆವು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಆ ದೇಶದಲ್ಲಿ ನಮಗೆ ಅಭ್ಯಾಸವಾಗಿದ್ದ ಮಾತು ಅದೊಂದೇ, ನಡೀರಿ. ಬ್ಯಾಂಕಿನ ಮೆಟ್ಟಿಲಿನಿಂದ, ಪಾರ್ಕಿನ ಬೆಂಚಿನಿಂದ, ಅಂಗಡಿಯ ನೆರಳಿನಿಂದ. ಯಾರೂ ಕೆಟ್ಟವರಲ್ಲ, ಅವರವರ ಕೆಲಸ. ನಾವೂ ಬಟ್ಟೆ ಕೊಡವಿಕೊಂಡು ನಡೆಯುವವರೇ.

"ಬೈಠೋ! ಕೂತಿರಿ!"

ಅಬು ಖಲ್ಫಾನ್. ಹೋಟೆಲಿನ ಊಟಕ್ಕೆ ಹೋಗಿರಲಿಲ್ಲ. ಎಡಗೈಯಲ್ಲಿ ಹಿತ್ತಾಳೆಯ ನಿಜವಾದ ದಲ್ಲಾ, ಬಲಗೈಯಲ್ಲಿ ಒಂದರೊಳಗೊಂದು ಜೋಡಿಸಿದ ಬಟ್ಟಲುಗಳು. ಕೋಲು ಎಲ್ಲಿ ಬಿಟ್ಟಿದ್ದನೋ. ಕಾವಲಿನವನ ಕಡೆ ತಿರುಗಿ, ಗಲ್ಲ ಎತ್ತಿ ಮೇಲಿನ ಬಟ್ಟಲು ತೋರಿಸಿ ಅರಬ್ಬಿಯಲ್ಲಿ ಏನೋ ಅಂದ. ಕಾವಲಿನವನು ಮೇಲೆ ನೋಡಿದ, ನಮ್ಮನ್ನು ನೋಡಿದ, ಹಿಂದೆ ಸರಿದ.

"ಏನಂದ?" ಎಂದು ಯೂಸುಫಾಕನನ್ನು ಕೇಳಿದೆ.

"ಆ ಬಟ್ಟಲಿನಿಂದ ಕೂತಿರಿ ಅಂತ ಹೇಳಿಸಿದ್ದು ಇವರೇ, ಇವರನ್ನೇ ಏಳಿಸ್ತೀಯಾ, ಅಂದ."

ಮುದುಕ ಸಾಲಿನ ಈ ತುದಿಯಿಂದ ಶುರು ಮಾಡಿದ. ನನಗೇ ಮೊದಲು. ಸಣ್ಣ ಧಾರೆ, ಎತ್ತರದಿಂದ. ನನ್ನ ಕಡೆಗೆ ಚಾಚಿದ ಬಟ್ಟಲಿನಲ್ಲಿ ತಳದಷ್ಟು ಕಾಫಿ. ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ. ಒಂಬತ್ತು ಜನಕ್ಕೂ ಹಾಕಿ, ಮತ್ತೆ ನನ್ನ ಪಕ್ಕಕ್ಕೆ ಬಂದು, ದಲ್ಲಾ ಹಿಡಿದುಕೊಂಡು ನಿಂತ. ರಸ್ತೆಯಲ್ಲಿ ಹೋಗುತ್ತಿದ್ದ ಕಾರುಗಳು ನಿಧಾನ ಮಾಡಿ ನೋಡುತ್ತಿದ್ದವು, ಮೇಲಿನ ಬಟ್ಟಲನ್ನೋ ನಮ್ಮನ್ನೋ ಗೊತ್ತಿಲ್ಲ.

ಸ್ವಲ್ಪ ಹೊತ್ತಿಗೆ ಶೆಟ್ಟರು ಹೋಟೆಲಿನಿಂದ ರಸ್ತೆ ದಾಟಿ ಬಂದರು. ಊಟ ಬಿಟ್ಟು ಬಂದಿದ್ದಾರೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಮ್ಯಾನೇಜರ್ ಬಂದರಲ್ಲ ಎಂದು ನಾವೆಲ್ಲ ಬಟ್ಟಲು ಹಿಡಿದುಕೊಂಡೇ ಏಳಲು ಹೋದೆವು.

"ಏಳ್ಬೇಡಿ ಮಾರಾಯ್ರೆ," ಅಂದರು ಶೆಟ್ಟರು, ಟೈ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತ. "ನನಗೂ ಸ್ವಲ್ಪ ಜಾಗ ಬಿಡಿ."

ಜಾಗ ಬಿಟ್ಟೆವು. ಯಾರೂ ಏಳಲಿಲ್ಲ.